ಗಾಯಗೊಂಡ ಯೋಧರ ಗಾಡಿಗೆ ಪ್ರತ್ಯೇಕ ನಂಬರ್ ಸರಣಿ ಬೇಕು: ಹಾಸನ, ಚಿಕ್ಕಮಗಳೂರಿನವರು ಏನಂತೀರಿ?

ಹೇಮಾವತಿ ದಡ (ಹಾಸನ) · ನವೆಂಬರ್ 9, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಇದನ್ನು ಬರೆಯಬೇಕೋ ಬೇಡವೋ ಅಂತ ಮೂರು ವಾರ ಯೋಚಿಸಿದೆ. ಮಾವನ ಹತ್ತಿರ ಕೇಳಿದೆ. ಹೆಸರು ಹಾಕಬೇಡ, ಉಳಿದದ್ದು ಬರಿ ಅಂದರು. ಹಾಗಾಗಿ ಬರೆಯುತ್ತಿದ್ದೇನೆ.

ನನ್ನ ಸೋದರಮಾವ ಸೇನೆಯಲ್ಲಿ ಹವಾಲ್ದಾರ್ ಆಗಿದ್ದರು. 2001ರ ಡಿಸೆಂಬರ್ 13ರಂದು ಸಂಸತ್ತಿನ ಮೇಲೆ ದಾಳಿಯಾಯಿತಲ್ಲ, ಅದಾದ ಮೇಲೆ ಸೇನೆಯನ್ನು ಗಡಿಗೆ ಕಳಿಸಿದರು. ಆಪರೇಷನ್ ಪರಾಕ್ರಮ್. ಮಾವ ರಾಜಸ್ಥಾನದ ಕಡೆ ಇದ್ದರು. ಯುದ್ಧ ನಡೆಯಲೇ ಇಲ್ಲ. ಆದರೆ ನೆಲಬಾಂಬ್ ಹೂಳುವಾಗ, ಆಮೇಲೆ ತೆಗೆಯುವಾಗ ಎಷ್ಟೋ ಸೈನಿಕರು ಸತ್ತರು, ಕೈಕಾಲು ಕಳೆದುಕೊಂಡರು. ಮಾವನ ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ಪುಣೆಯ ಕೃತಕ ಅಂಗ ಕೇಂದ್ರದಲ್ಲಿ ಕಾಲು ಕಟ್ಟಿಸಿಕೊಂಡು ಊರಿಗೆ ಬಂದರು. ಪದಕ ಗಿದಕ ಏನೂ ಬರಲಿಲ್ಲ. ಅದರ ಬಗ್ಗೆ ಒಂದು ದಿನವೂ ಅವರು ಮಾತಾಡಿದ್ದಿಲ್ಲ.

ಅವರ ಕಾರು ಆಟೊಮ್ಯಾಟಿಕ್. ಕ್ಲಚ್ ಇಲ್ಲ, ಎಡಗಾಲಿಗೆ ಕೆಲಸ ಇಲ್ಲ. ಹಾಗಾಗಿ ಕಾರಿನಲ್ಲಿ ಏನನ್ನೂ ಬದಲಾಯಿಸಬೇಕಾಗಲಿಲ್ಲ. ಹೊರಗಿನಿಂದ ಅದು ಎಲ್ಲರ ಕಾರಿನ ಹಾಗೇ ಕಾಣುತ್ತದೆ. ಪ್ಯಾಂಟು ಹಾಕಿಕೊಂಡರೆ ಮಾವನೂ ಎಲ್ಲರ ಹಾಗೇ ಕಾಣುತ್ತಾರೆ. ಕಷ್ಟ ಇರುವುದು ನಡೆಯುವುದರಲ್ಲಿ. ಜಾಸ್ತಿ ದೂರ ನಡೆದರೆ ಕಾಲು ಕೂರಿಸುವ ಜಾಗ ಉಜ್ಜಿ ಹುಣ್ಣಾಗುತ್ತದೆ. ಹುಣ್ಣಾದರೆ ಎರಡು ವಾರ ಕಾಲು ಹಾಕುವ ಹಾಗಿಲ್ಲ, ಮನೆಯಲ್ಲೇ ಕೂರಬೇಕು.

ಕಳೆದ ತಿಂಗಳು ಹಾಸನಾಂಬೆಯ ದರ್ಶನದ ಸಮಯ. ನಿಮಗೆ ಗೊತ್ತಲ್ಲ, ವರ್ಷಕ್ಕೆ ಒಂದೇ ಸಲ ಬಾಗಿಲು ತೆಗೆಯುವುದರಿಂದ ಊರಿಡೀ ಗಾಡಿಗಳೇ. ಅತ್ತೆಗೆ ಎದೆ ಹಿಡಿದುಕೊಂಡಂತಾಗಿ ಮಾವ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದರು. ಬಾಗಿಲ ಪಕ್ಕ ಗಾಲಿಕುರ್ಚಿ ಚಿತ್ರ ಬರೆದ ಒಂದು ಜಾಗ ಖಾಲಿ ಇತ್ತು. ಅಲ್ಲಿ ನಿಲ್ಲಿಸಿದರು. ಗಾರ್ಡ್ ಓಡಿ ಬಂದು "ಗಟ್ಟಿಮುಟ್ಟಾಗಿದ್ದೀರಲ್ಲ, ಇದು ಅಂಗವಿಕಲರ ಜಾಗ, ತೆಗೀರಿ" ಅಂದ. ಮಾವ ಹೇಳಿದರು. ಅವನು ನಂಬಲಿಲ್ಲ. ಹಿಂದಿನಿಂದ ಹಾರ್ನ್ ಶುರುವಾಯಿತು. ಕೊನೆಗೆ ಮಾವ ಎಲ್ಲರ ಎದುರು ಪ್ಯಾಂಟು ಎತ್ತಿ ಕಾಲು ತೋರಿಸಿದರು.

ಗಾರ್ಡ್ ಪಾಪ, ಕೈಮುಗಿದ. ಅವನದ್ದೇನೂ ತಪ್ಪಿಲ್ಲ. ಅವನ ಕೆಲಸವೇ ಅದು. ಆದರೆ ಆ ರಾತ್ರಿ ಮಾವ ಊಟ ಮಾಡಲಿಲ್ಲ. ಇಪ್ಪತ್ತು ವರ್ಷದಲ್ಲಿ ನಾನು ಆ ಕಾಲನ್ನು ಎರಡು ಸಲ ನೋಡಿರಬಹುದು. ಮನೆಯವರಿಗೇ ತೋರಿಸದ ಕಾಲನ್ನು ಅವರು ರಸ್ತೆಯಲ್ಲಿ ತೋರಿಸಬೇಕಾಯಿತು.

ನನ್ನ ಪ್ರಸ್ತಾಪ ಇಷ್ಟೇ. ನಮ್ಮ ಊರಿನ ಸರ್ಕಾರಿ ಬಸ್ಸಿನ ನಂಬರ್ ನೋಡಿ: ಕೆಎ-13-ಎಫ್. ಚಿಕ್ಕಮಗಳೂರಿನ ಬಸ್ ಆದರೆ ಕೆಎ-18-ಎಫ್. ಸರ್ಕಾರಿ ಜೀಪು ನೋಡಿ: ಜಿ. ಎಫ್ ಅಂದರೆ ಸಾರಿಗೆ ನಿಗಮದ್ದು, ಜಿ ಅಂದರೆ ಸರ್ಕಾರದ್ದು ಅಂತ ಸಣ್ಣ ಮಕ್ಕಳಿಗೂ ಗೊತ್ತು. ಹಾಗೇ ಕರ್ತವ್ಯದಲ್ಲಿ ಗಾಯಗೊಂಡ ಯೋಧರಿಗೆ ಒಂದು ಅಕ್ಷರದ ಸರಣಿ ಮೀಸಲಿಡಲಿ. ನೋಡಿದ ಕೂಡಲೇ ಗೊತ್ತಾಗಬೇಕು. ಅವರು ಬಾಯಿಬಿಟ್ಟು ಹೇಳಬೇಕಾಗಬಾರದು.

ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ. ಅದಕ್ಕೆ ಮುಂಚೆ ಎರಡೂ ಜಿಲ್ಲೆಯಿಂದ ಒಂದು ಮನವಿ ಕೊಡೋಣ ಅಂತ ಆಸೆ. ನಿಮ್ಮ ಅಭಿಪ್ರಾಯ ಹೇಳಿ.

ಅರಸೀಕೆರೆ ಜಂಕ್ಷನ್ · ನವೆಂಬರ್ 9, ರಾತ್ರಿ 10.15

ಓದಿ ಕಣ್ಣು ತುಂಬಿತು. ನಿಮ್ಮ ಮಾವನಿಗೆ ನಮಸ್ಕಾರ ತಿಳಿಸಿ. ಎಫ್, ಜಿ ವಿಷಯ ನಾನು ದಿನಾ ನೋಡುತ್ತೇನೆ, ಹೀಗೆ ಯೋಚಿಸಿರಲೇ ಇಲ್ಲ. ಸಹಿ ಹಾಕಲು ನಾನು ತಯಾರು.

ಕೆಎ-18 ಡ್ರೈವಿಂಗ್ ಮೇಷ್ಟ್ರು (ಚಿಕ್ಕಮಗಳೂರು) · ನವೆಂಬರ್ 10, ಬೆಳಿಗ್ಗೆ 7.05

ಡ್ರೈವಿಂಗ್ ಕಲಿಸುವುದು, ಆರ್‌ಟಿಒ ಕಾಗದ ಪತ್ರ ಮಾಡಿಸುವುದು ನನ್ನ ಕೆಲಸ. ಹಾಗಾಗಿ ನಿಯಮದ ಮಾತು ನಾನು ಹೇಳುತ್ತೇನೆ.

ಮೊದಲಿಗೆ ಒಂದು ಎಚ್ಚರಿಕೆ. ಪ್ಲೇಟಿನ ಮೇಲೆ ಏನನ್ನಾದರೂ ಬರೆಸೋಣ, ಒಂದು ಲಾಂಛನ ಅಂಟಿಸೋಣ ಅಂತ ಹೊರಟರೆ ಕೆಲಸ ಆಗುವುದಿಲ್ಲ. 2019ರ ಏಪ್ರಿಲ್ 1ರಿಂದ ಹೊಸ ಗಾಡಿಗಳಿಗೆಲ್ಲ ಹೆಚ್ಚು ಭದ್ರತೆಯ ನಂಬರ್ ಪ್ಲೇಟ್, ಅಂದರೆ ಎಚ್‌ಎಸ್‌ಆರ್‌ಪಿ ಕಡ್ಡಾಯ. ಅದರಲ್ಲಿ ಅಶೋಕ ಚಕ್ರದ ಹೋಲೋಗ್ರಾಂ ಇರುತ್ತದೆ, ಲೇಸರ್‌ನಲ್ಲಿ ಕೊರೆದ 10 ಅಂಕಿಯ ಗುರುತು ಇರುತ್ತದೆ, ಬಿಚ್ಚಿದರೆ ಮುರಿಯುವ ಲಾಕ್ ಇರುತ್ತದೆ. ನಮ್ಮ ರಾಜ್ಯದಲ್ಲಿ ಹಳೇ ಗಾಡಿಗೂ ಹಾಕಿಸಿ ಅಂತ 2023ರ ಆಗಸ್ಟ್‌ನಲ್ಲಿ ಆದೇಶ ಬಂತು. ಆ ಪ್ಲೇಟಿನ ಮೇಲೆ ನಂಬರ್ ಬಿಟ್ಟು ಬೇರೆ ಏನೂ ಇರುವಂತಿಲ್ಲ. ಹೆಸರು, ದೇವರ ಚಿತ್ರ, ಇಲಾಖೆಯ ಹೆಸರು, ಯಾವುದೂ.

ಬಣ್ಣ ಬದಲಾಯಿಸುವುದು ಕೂಡ ಕಷ್ಟ. ಬಿಳಿ ಸ್ವಂತ ಗಾಡಿಗೆ, ಹಳದಿ ಬಾಡಿಗೆ ಗಾಡಿಗೆ, ಹಸಿರು ಎಲೆಕ್ಟ್ರಿಕ್‌ಗೆ, ಕಪ್ಪು ಪ್ಲೇಟಿನಲ್ಲಿ ಹಳದಿ ಅಕ್ಷರ ನಾವೇ ಓಡಿಸುವ ಬಾಡಿಗೆ ಕಾರಿಗೆ, ನೀಲಿ ರಾಯಭಾರ ಕಚೇರಿಗಳಿಗೆ. ಇದೆಲ್ಲ ದೆಹಲಿಯಲ್ಲಿ ತೀರ್ಮಾನವಾಗುವುದು. 2021ರಲ್ಲಿ ಬಂದ ಬಿಎಚ್ ಸರಣಿಯೂ ಅಲ್ಲಿಂದಲೇ ಬಂದದ್ದು. ಅದರಲ್ಲಿ ರಕ್ಷಣಾ ಸಿಬ್ಬಂದಿಯ ಹೆಸರಿದೆ, ನಿಜ. ಆದರೆ ಅದು ರಾಜ್ಯದಿಂದ ರಾಜ್ಯಕ್ಕೆ ವರ್ಗವಾಗುವವರ ಅನುಕೂಲಕ್ಕೆ ಮಾಡಿದ್ದು. ಗಾಯಕ್ಕೂ ಅದಕ್ಕೂ ಸಂಬಂಧ ಇಲ್ಲ.

ಹಾಗಾಗಿ ಅಕ್ಷರದ ಸರಣಿ ಅನ್ನುವ ನಿಮ್ಮ ದಾರಿಯೇ ಸರಿ. ಕೆಎ-13 ಆದ ಮೇಲೆ ಯಾವ ಅಕ್ಷರ ಯಾರಿಗೆ ಅನ್ನುವುದನ್ನು ನಮ್ಮ ರಾಜ್ಯದ ಸಾರಿಗೆ ಇಲಾಖೆ ನೋಡಿಕೊಳ್ಳುತ್ತದೆ. ಪ್ಲೇಟ್ ಅದೇ, ಬಣ್ಣ ಅದೇ, ಕ್ಯಾಮೆರಾಕ್ಕೂ ತೊಂದರೆ ಇಲ್ಲ. ಫ್ಯಾನ್ಸಿ ನಂಬರ್ ಬೇಕು ಅನ್ನುವವರಿಗೆ ಹರಾಜು ಹಾಕಿ ಕೊಡುತ್ತಾರಲ್ಲ, ಅಂಥ ವ್ಯವಸ್ಥೆ ಇರುವಲ್ಲಿ ಇದಕ್ಕೆ ಜಾಗ ಮಾಡುವುದು ದೊಡ್ಡ ವಿಷಯ ಅಲ್ಲ.

ಇನ್ನೊಂದು ದಾರಿಯೂ ಇದೆ. ಗಾಜಿನ ಮೇಲೆ ಒಳಗಿನಿಂದ ಅಂಟಿಸುವ ಸ್ಟಿಕ್ಕರ್ ಇದೆಯಲ್ಲ, ಪೆಟ್ರೋಲ್‌ಗೆ ತಿಳಿನೀಲಿ, ಡೀಸೆಲ್‌ಗೆ ಕಿತ್ತಳೆ? ಅದನ್ನು ಕಾನೂನಿನ ಲೆಕ್ಕದಲ್ಲಿ ಮೂರನೇ ನಂಬರ್ ಪ್ಲೇಟ್ ಅಂತಲೇ ಕರೆಯುತ್ತಾರೆ. ಕಿತ್ತರೆ ಹರಿದುಹೋಗುವ ಸ್ಟಿಕ್ಕರ್ ಅದು. ಅದೇ ಮಾದರಿಯಲ್ಲಿ ಒಂದು ಗುರುತು ಕೊಡಬಹುದು.

ಸಕಲೇಶಪುರ ಮಳೆ · ನವೆಂಬರ್ 10, ಬೆಳಿಗ್ಗೆ 8.30

ಉದ್ದೇಶ ಒಳ್ಳೆಯದು. ನನಗೆ ಭಯ ಇರುವುದು ದುರುಪಯೋಗದ್ದು. ವಾರದ ಕೊನೆಗೆ ಹೋಂಸ್ಟೇಗಳಿಗೆ ಬರುವ ಕಾರುಗಳನ್ನು ನೋಡಿ. ಹತ್ತರಲ್ಲಿ ಒಂದಕ್ಕಾದರೂ ಕೆಂಪು ಅಕ್ಷರದ ಆರ್ಮಿ ಸ್ಟಿಕ್ಕರ್. ಇಳಿಯುವವರು ಕಾಲೇಜು ಹುಡುಗರು. ಅಪ್ಪ ಸೇನೆಯಲ್ಲಿದ್ದರು, ಚಿಕ್ಕಪ್ಪ ಇದ್ದರು ಅಂತಾರೆ. ಇನ್ನು ಕೆಲವರು ಅಂಗಡಿಯಲ್ಲಿ ಕೊಂಡು ಅಂಟಿಸಿದವರು. ಚೆಕ್‌ಪೋಸ್ಟ್‌ನಲ್ಲಿ ಬಿಟ್ಟುಬಿಡಲಿ ಅಂತ. ನಿಜವಾದ ಯೋಧನ ಗಾಡಿ ಬಂದಾಗ ಯಾರೂ ನಂಬದೇ ಇರುವುದಕ್ಕೆ ಇದೇ ಕಾರಣ ಅಲ್ವಾ?

ಕೆಎ-18 ಡ್ರೈವಿಂಗ್ ಮೇಷ್ಟ್ರು · ನವೆಂಬರ್ 10, ಬೆಳಿಗ್ಗೆ 8.50

ಹೌದು. ಅದಕ್ಕೇ ಸರಣಿ ಬೇಕು ಅನ್ನುವುದು. ಸ್ಟಿಕ್ಕರ್ ಅಂಗಡಿಯಲ್ಲಿ ಸಿಗುತ್ತದೆ. ನಂಬರ್ ಸಿಗುವುದಿಲ್ಲ. ನಂಬರ್ ಹಾಕಿ ನೋಡಿದರೆ ಯಾರ ಹೆಸರಿನಲ್ಲಿದೆ ಅಂತ ಪೊಲೀಸರಿಗೆ ಕೂತಲ್ಲೇ ಗೊತ್ತಾಗುತ್ತದೆ.

ಐಜಿ ರಸ್ತೆಯ ಗೆಳತಿ (ಚಿಕ್ಕಮಗಳೂರು) · ನವೆಂಬರ್ 10, ಮಧ್ಯಾಹ್ನ 1.20

ನಾನು ಸ್ವಲ್ಪ ಬೇರೆ ಮಾತು ಹೇಳಬೇಕು. ದಯವಿಟ್ಟು ಕೊನೆಯವರೆಗೂ ಓದಿ.

ನನಗೆ ಎರಡು ವರ್ಷ ಇದ್ದಾಗ ಪೋಲಿಯೊ ಬಂತು. ಗಾಲಿಕುರ್ಚಿ ಬಳಸುತ್ತೇನೆ. ಕೈಯಲ್ಲೇ ಬ್ರೇಕು, ಆಕ್ಸಿಲರೇಟರ್ ಇರುವ ಕಾರು ಓಡಿಸುತ್ತೇನೆ. ಹಾಸನದ ಸಹೋದರ ಬರೆದದ್ದನ್ನು ಓದಿ ನನಗೂ ದುಃಖವಾಯಿತು. ಆ ಅವಮಾನ ನನಗೆ ಹೊಸದಲ್ಲ. ಆದರೆ ಒಂದು ಪ್ರಶ್ನೆ. ನಿಮ್ಮ ಮಾವ ಪ್ಯಾಂಟು ಎತ್ತಿದಾಗ ಗಾರ್ಡ್ ಕೈಮುಗಿದ. ಯಾಕೆ? ಸೈನಿಕ ಅಂತ. ಆ ಜಾಗದಲ್ಲಿ ರಸ್ತೆ ಅಪಘಾತದಲ್ಲಿ ಕಾಲು ಹೋದ ಒಬ್ಬ ಗಾರೆ ಕೆಲಸದವನಿದ್ದರೆ?

ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದದ್ದು 2016ರಲ್ಲಿ. ಅದರಲ್ಲಿ 21 ಬಗೆಯ ವೈಕಲ್ಯಗಳಿವೆ. ಯಾರಿಗೆ ಹೇಗೆ ಬಂತು ಅಂತ ಕಾಯ್ದೆ ಕೇಳುವುದಿಲ್ಲ. 41ನೇ ಕಲಂನಲ್ಲಿ ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಪಾರ್ಕಿಂಗ್ ಜಾಗದ ಬಗ್ಗೆ ಇದೆ. ಗಾಡಿ ಬದಲಾಯಿಸಿಕೊಳ್ಳಲು ನೆರವು ಕೊಡಬೇಕು ಅಂತಲೂ ಇದೆ. ಅಗಲ ಎಷ್ಟಿರಬೇಕು ಅಂತ ಕೇಂದ್ರದ ಮಾರ್ಗಸೂಚಿ ಹೇಳುತ್ತದೆ: 3.6 ಮೀಟರ್. ಬಾಗಿಲಿನಿಂದ 30 ಮೀಟರ್ ಒಳಗೆ ಇರಬೇಕು. 3.6 ಮೀಟರ್ ಯಾಕೆ ಗೊತ್ತಾ? ಕಾರಿನ ಬಾಗಿಲು ಪೂರ್ತಿ ತೆರೆದು, ಪಕ್ಕದಲ್ಲಿ ಗಾಲಿಕುರ್ಚಿ ಬಿಡಿಸಿ, ಅದಕ್ಕೆ ಜಾರಿಕೊಳ್ಳಲು ಅಷ್ಟು ಜಾಗ ಬೇಕು. ಐಜಿ ರಸ್ತೆಯಲ್ಲಿ ಸಂಜೆ ಆರು ಗಂಟೆಗೆ ಅಷ್ಟು ಜಾಗ ಎಲ್ಲಿದೆ ತೋರಿಸಿ. ನಾನು ಔಷಧಿ ಅಂಗಡಿಯ ಮುಂದೆ ಕಾರಿನಲ್ಲೇ ಕೂತು, ಫೋನ್ ಮಾಡಿ, ಅಂಗಡಿಯ ಹುಡುಗ ಬಂದು ಕಿಟಕಿಯಲ್ಲಿ ಕೊಟ್ಟು ಹೋಗುವವರೆಗೆ ಕಾಯುತ್ತೇನೆ. ವರ್ಷಗಳಿಂದ ಹೀಗೇ.

ಯೋಧರಿಗೆ ಗೌರವ ಸಿಗಲಿ. ನನ್ನ ತಕರಾರು ಇಲ್ಲ. ಆದರೆ ಇರುವ ಒಂದು ಜಾಗವನ್ನೂ ಗೌರವದ ಹೆಸರಿನಲ್ಲಿ ಹಂಚಿದರೆ ನನ್ನಂಥವರು ಎಲ್ಲಿಗೆ ಹೋಗೋಣ?

ಅರಸೀಕೆರೆ ಜಂಕ್ಷನ್ · ನವೆಂಬರ್ 10, ಮಧ್ಯಾಹ್ನ 2.00

ಅಕ್ಕಾ, ನೀವು ಹೇಳಿದ್ದು ಸರಿ. ಆದರೆ ದೇಶಕ್ಕಾಗಿ ಗಾಯಗೊಂಡವರನ್ನು ಎಲ್ಲರ ಜೊತೆ ಸೇರಿಸಿ ನೋಡುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ಹೇಮಾವತಿ ದಡ · ನವೆಂಬರ್ 10, ಸಂಜೆ 6.45

ಐಜಿ ರಸ್ತೆಯ ಗೆಳತಿ ಅವರೇ, ನಿಮ್ಮ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮಧ್ಯಾಹ್ನದಿಂದ ಅದನ್ನೇ ಯೋಚಿಸುತ್ತಿದ್ದೇನೆ. ಮಾವನ ನೋವು ಮಾತ್ರ ನನಗೆ ಕಂಡಿತ್ತು. ಮಾವನಿಗೆ ಬೇಕಾಗಿದ್ದದ್ದು ಆ ಹೊತ್ತಿಗೆ ಸೆಲ್ಯೂಟ್ ಅಲ್ಲ, ನಿಜ. ಗಾಡಿ ನಿಲ್ಲಿಸಲು ಜಾಗ. ನಿಮಗೆ ಬೇಕಾಗಿರುವುದೂ ಅದೇ. ಆದರೆ ಗೌರವ ಬೇಡವೇ ಬೇಡ ಅಂತ ಹೇಳಲು ನನ್ನ ಮನಸ್ಸು ಒಪ್ಪುತ್ತಿಲ್ಲ. ಎರಡನ್ನೂ ಹೇಗೆ ಕೂಡಿಸುವುದು ಅಂತ ಯಾರಾದರೂ ಹೇಳಿ.

ಬೇಲೂರು ಹುಡುಗಿ, ಈಗ ಟೆಕ್ಸಸ್ · ನವೆಂಬರ್ 11, ಬೆಳಿಗ್ಗೆ 6.10

ನಿಮ್ಮ ಚರ್ಚೆ ಓದುತ್ತಾ ಆಶ್ಚರ್ಯವಾಯಿತು. ನಾನಿರುವ ರಾಜ್ಯದಲ್ಲಿ ಇದೇ ಜಗಳ ಆಗಿ ಕಾನೂನೇ ಬದಲಾಗಿದೆ.

ಅಮೆರಿಕದಲ್ಲಿ ಗಾಯಗೊಂಡ ಮಾಜಿ ಸೈನಿಕರಿಗೆ ಬೇರೆ ನಂಬರ್ ಪ್ಲೇಟ್ ಕೊಡುವುದು ಹಳೆಯ ಪದ್ಧತಿ. ಒಂದೊಂದು ರಾಜ್ಯದಲ್ಲಿ ಒಂದೊಂದು ನಿಯಮ. ಟೆಕ್ಸಸ್‌ನಲ್ಲಿ ಸೇವೆಯಿಂದ ಆದ ವೈಕಲ್ಯ 50 ಪರ್ಸೆಂಟ್ ಇರಬೇಕು. ಕಾಲು ಕತ್ತರಿಸಿದ್ದರೆ 40 ಸಾಕು. ಆ ಪ್ಲೇಟ್ ಇದ್ದರೆ ಸರ್ಕಾರಿ ಪಾರ್ಕಿಂಗ್ ಮೀಟರ್‌ಗೆ ದುಡ್ಡು ಹಾಕಬೇಕಿಲ್ಲ. ಜೊತೆಗೆ ಅಂಗವಿಕಲರ ಜಾಗದಲ್ಲೂ ಗಾಡಿ ನಿಲ್ಲಿಸಬಹುದಿತ್ತು.

ತೊಂದರೆ ಅಲ್ಲೇ ಆಯಿತು. ಪ್ಲೇಟ್ ಇದ್ದವರಲ್ಲಿ ಎಲ್ಲರಿಗೂ ನಡೆಯುವ ಕಷ್ಟ ಇರಲಿಲ್ಲ. ಒಬ್ಬರಿಗೆ ಕಿವಿ, ಒಬ್ಬರಿಗೆ ಭುಜ, ಒಬ್ಬರಿಗೆ ಮನಸ್ಸಿನ ಗಾಯ. ಅವೂ ಗಾಯಗಳೇ, ಯಾರೂ ಅಲ್ಲ ಅನ್ನಲಿಲ್ಲ. ಆದರೆ ಗಾಲಿಕುರ್ಚಿಯವರು ಬಂದು ನೋಡಿದರೆ ಜಾಗ ಖಾಲಿ ಇರುತ್ತಿರಲಿಲ್ಲ. ಆ ಗಾಲಿಕುರ್ಚಿಯವರಲ್ಲಿ ಮಾಜಿ ಸೈನಿಕರೂ ಇದ್ದರು. ಕಾನೂನು ತಿದ್ದಿದರು. 2022ರ ಜನವರಿ 1ರಿಂದ ಯೋಧರ ಪ್ಲೇಟ್ ಮಾತ್ರ ಇದ್ದರೆ ಆ ಜಾಗದಲ್ಲಿ ನಿಲ್ಲಿಸುವಂತಿಲ್ಲ. ಪ್ಲೇಟಿನ ಮೇಲೆ ಗಾಲಿಕುರ್ಚಿಯ ಗುರುತೂ ಇರಬೇಕು, ಇಲ್ಲವೇ ಕನ್ನಡಿಗೆ ನೇತುಹಾಕುವ ನೀಲಿ ಕಾರ್ಡ್ ಇರಬೇಕು. ನಡೆಯುವ ಕಷ್ಟ ಇದೆ ಅಂತ ವೈದ್ಯರು ಬರೆದುಕೊಟ್ಟರೆ ಅದು ಸಿಗುತ್ತದೆ. ಸೈನಿಕರಿಗೂ ಸಿಗುತ್ತದೆ, ಉಳಿದವರಿಗೂ ಸಿಗುತ್ತದೆ.

ಅಂದರೆ ಪ್ಲೇಟ್ ಒಂದು ಕೆಲಸಕ್ಕೆ, ಗುರುತು ಇನ್ನೊಂದು ಕೆಲಸಕ್ಕೆ. ನೀವು ಮೊದಲಿನಿಂದಲೇ ಎರಡನ್ನೂ ಬೇರೆ ಮಾಡಿ ಕೇಳಿ. ಇವರು ಎಷ್ಟೋ ವರ್ಷ ಆದ ಮೇಲೆ ತಿದ್ದಿದ್ದನ್ನು ನಾವು ಶುರುವಿನಲ್ಲೇ ಸರಿ ಮಾಡಬಹುದು.

ಐಜಿ ರಸ್ತೆಯ ಗೆಳತಿ · ನವೆಂಬರ್ 11, ಬೆಳಿಗ್ಗೆ 7.30

ಇದು. ನಾನು ಹೇಳಲು ಒದ್ದಾಡಿದ್ದು ಇದನ್ನೇ. ಥ್ಯಾಂಕ್ಸ್.

ನಿವೃತ್ತ ಸಿಗ್ನಲ್ಸ್ (ಕಡೂರು) · ನವೆಂಬರ್ 11, ಬೆಳಿಗ್ಗೆ 11.00

ನಾನು ಸೇನೆಯ ಸಂಪರ್ಕ ವಿಭಾಗವಾದ ಸಿಗ್ನಲ್ಸ್‌ನಲ್ಲಿ 24 ವರ್ಷ ಇದ್ದವನು. ಬಲಗಿವಿ ಕೇಳಿಸುವುದಿಲ್ಲ. ನನಗೆ ಡಿಸಬಿಲಿಟಿ ಪೆನ್ಷನ್ ಬರುತ್ತದೆ. ಹಾಗಾಗಿ ಈ ಮಾತು ಹೇಳಲು ನನಗೆ ಹಕ್ಕಿದೆ ಅಂದುಕೊಳ್ಳುತ್ತೇನೆ: ನನಗೆ ಪಾರ್ಕಿಂಗ್ ಜಾಗ ಬೇಡ. ನಾನು ಚೆನ್ನಾಗಿ ನಡೆಯುತ್ತೇನೆ. ಆ ಜಾಗ ಆ ತಂಗಿಯದು, ಹಾಸನದ ಆ ಹವಾಲ್ದಾರ್ ಸಾಹೇಬರದು.

ಮನವಿ ಬರೆಯುವವರು ಒಂದು ಲೆಕ್ಕ ತಿಳಿದುಕೊಂಡಿರಬೇಕು. ಸೇನೆಯ ಅಳತೆ ಬೇರೆ, ಊರಿನ ಅಳತೆ ಬೇರೆ. ಸೇನೆಯಲ್ಲಿ 20 ಪರ್ಸೆಂಟ್ ಇದ್ದರೆ ಡಿಸಬಿಲಿಟಿ ಪೆನ್ಷನ್ ಲೆಕ್ಕಕ್ಕೆ ಬರುತ್ತದೆ. ಸಿವಿಲ್ ಸೌಲಭ್ಯಗಳಿಗೆ 40 ಪರ್ಸೆಂಟ್ ಬೇಕು, ಅದಕ್ಕೆ ಅಂಗವಿಕಲರ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡ್ ಬೇರೆ ಮಾಡಿಸಬೇಕು. ಎಷ್ಟೋ ಜನ ಮಾಜಿ ಸೈನಿಕರು ಪೆನ್ಷನ್ ಆದೇಶ ಪತ್ರ (ಪಿಪಿಒ) ಇದೆಯಲ್ಲ ಅಂತ ಯುಡಿಐಡಿ ಮಾಡಿಸಿಯೇ ಇಲ್ಲ. ಆಮೇಲೆ ಆರ್‌ಟಿಒದಲ್ಲಿ ಪಿಪಿಒ ತೋರಿಸಿದರೆ ಅಲ್ಲಿಯವರಿಗೆ ಅದು ಅರ್ಥವಾಗುವುದಿಲ್ಲ. ಅವರ ತಪ್ಪಲ್ಲ. ಆ ಕಾಗದ ಅವರಿಗಾಗಿ ಬರೆದದ್ದಲ್ಲ.

ಆದ್ದರಿಂದ ಅಕ್ಷರದ ಸರಣಿಗೆ ಸೇನೆಯ ಕಾಗದ ಸಾಕು ಅನ್ನಿ. ಗಾಲಿಕುರ್ಚಿ ಗುರುತಿಗೆ ನಡೆಯುವ ಕಷ್ಟ ಇದೆ ಅನ್ನುವ ವೈದ್ಯರ ಪತ್ರ ಬೇಕು ಅನ್ನಿ. ಇದಕ್ಕೆ ಸೈನಿಕ, ಸಿವಿಲಿಯನ್ ಅಂತ ಭೇದ ಬೇಡ.

ಇನ್ನೊಂದು ವಿಷಯ. "ಯುದ್ಧದಲ್ಲಿ ಗಾಯಗೊಂಡ" ಅಂತ ಮಾತ್ರ ಬರೆಯಬೇಡಿ. ಪೆನ್ಷನ್‌ನಲ್ಲಿ ವಾರ್ ಇಂಜುರಿ ಬೇರೆ, ಡಿಸಬಿಲಿಟಿ ಬೇರೆ. ಸಿಯಾಚಿನ್‌ನಲ್ಲಿ ಹಿಮ ಕಡಿದು ಬೆರಳು ಹೋದವನಿಗೆ ಯಾರೂ ಗುಂಡು ಹೊಡೆದಿರಲಿಲ್ಲ. ತರಬೇತಿಯಲ್ಲಿ ಬೆನ್ನು ಮುರಿದು ಪುಣೆಯ ಕಿರ್ಕಿಯಲ್ಲಿ ಬೆನ್ನುಹುರಿಗೆ ಏಟಾದವರಿಗಿರುವ ಪ್ಯಾರಾಪ್ಲೀಜಿಕ್ ಕೇಂದ್ರದಲ್ಲಿ ಮಲಗಿರುವ ಹುಡುಗನಿಗೂ ಹೊಡೆದಿರಲಿಲ್ಲ. ಆ ಕೇಂದ್ರಕ್ಕೆ ನಾನು ಒಮ್ಮೆ ಹೋಗಿದ್ದೇನೆ. ಇಪ್ಪತ್ತೆರಡು ವರ್ಷದ ಹುಡುಗ ಬಾಯಿಯಲ್ಲಿ ಬ್ರಷ್ ಹಿಡಿದು ಚಿತ್ರ ಬಿಡಿಸುತ್ತಿದ್ದ. ನಮ್ಮ ಮಲೆನಾಡಿನ ಹಾಗೆ ಹಸಿರು ಗುಡ್ಡ. ಅವನನ್ನು ನಿಮ್ಮ ಮನವಿಯಿಂದ ಹೊರಗೆ ಬಿಡಬೇಡಿ. ಸೇನೆ 2018ನೇ ವರ್ಷವನ್ನು ಕರ್ತವ್ಯದಲ್ಲಿ ಅಂಗವಿಕಲರಾದವರ ವರ್ಷ ಅಂತ ಆಚರಿಸಿತು. "ಕರ್ತವ್ಯದಲ್ಲಿ" ಅನ್ನುವ ಪದವನ್ನೇ ಬಳಸಿದರು. ನೀವೂ ಅದನ್ನೇ ಬಳಸಿ.

ಹೇಮಾವತಿ ದಡ · ನವೆಂಬರ್ 11, ಮಧ್ಯಾಹ್ನ 12.30

ಸಾರ್, ತುಂಬಾ ಉಪಕಾರ. ಟೋಲ್ ವಿಷಯವೂ ಸೇರಿಸಬೇಕಾ? ಬೆಂಗಳೂರಿಗೆ ಹೋಗುವಾಗ ಒಂದು ಟೋಲ್‌ನಲ್ಲಿ ಮಾವ ಐಡಿ ಕಾರ್ಡ್ ತೋರಿಸಿದರೆ "ಪದಕ ಇದೆಯಾ" ಅಂತ ಕೇಳಿದರಂತೆ.

ನಿವೃತ್ತ ಸಿಗ್ನಲ್ಸ್ · ನವೆಂಬರ್ 11, ಮಧ್ಯಾಹ್ನ 1.10

ಅವರು ಕೇಳಿದ್ದು ನಿಯಮದ ಪ್ರಕಾರವೇ. 2008ರ ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮದಲ್ಲಿ ಪರಮ ವೀರ, ಅಶೋಕ, ಮಹಾ ವೀರ, ಕೀರ್ತಿ, ವೀರ, ಶೌರ್ಯ, ಈ ಆರು ಚಕ್ರ ಪಡೆದವರಿಗೆ ವಿನಾಯಿತಿ ಇದೆ. ಅಂಗವಿಕಲರಿಗಾಗಿಯೇ ವಿಶೇಷವಾಗಿ ಮಾಡಿದ ಗಾಡಿಗೂ ಇದೆ. ನಿಮ್ಮ ಮಾವ ಎರಡರ ನಡುವೆ ಬಿದ್ದುಹೋದರು. ಪದಕ ಇಲ್ಲ, ಕಾರು ಮಾಮೂಲಿ. ಎಡಗಾಲಿನ ಬದಲು ಬಲಗಾಲು ಹೋಗಿದ್ದರೆ ಕಾರನ್ನು ಬದಲಾಯಿಸಲೇಬೇಕಿತ್ತು. ಆಗ ಆರ್‌ಸಿಯಲ್ಲಿ ಬೇರೆ ಥರ ನಮೂದಾಗುತ್ತಿತ್ತು.

ಆದರೆ ಟೋಲ್ ಕೇಂದ್ರದ ವಿಷಯ. ಒಂದೇ ಪತ್ರದಲ್ಲಿ ಎಲ್ಲ ಕೇಳಿದರೆ ಒಂದೂ ಆಗುವುದಿಲ್ಲ. ಅದಕ್ಕೆ ಬೇರೆ ಪತ್ರ ಬರೆಯೋಣ. ನಾನೇ ಬರೆಯುತ್ತೇನೆ.

ಕೆಎ-18 ಡ್ರೈವಿಂಗ್ ಮೇಷ್ಟ್ರು · ನವೆಂಬರ್ 11, ಮಧ್ಯಾಹ್ನ 2.40

ಸರಣಿ ಬರುವವರೆಗೆ ಸುಮ್ನೆ ಕೂರಬೇಕಾಗಿಲ್ಲ. ಎಲ್ಲರೂ ನಿಮ್ಮ ಆರ್‌ಸಿ ತೆಗೆದು ನೋಡಿ. ನೋಂದಣಿಯ ಫಾರಂ 20ರಲ್ಲಿ ಒಡೆತನದ ಬಗೆ ಬರೆಯುವ ಜಾಗ ಇದೆ. 2020ರ ಅಕ್ಟೋಬರ್‌ನಲ್ಲಿ ಅದನ್ನು ತಿದ್ದಿ ದಿವ್ಯಾಂಗರು ಅನ್ನುವ ಬಗೆ ಸೇರಿಸಿದರು. ಜಿಎಸ್‌ಟಿ ರಿಯಾಯಿತಿ ಪಡೆದವರಿಗೂ ಅದು ಇದೆ, ಪಡೆಯದವರಿಗೂ ಇದೆ. ಅಂದರೆ ಕಾರು ಮಾಮೂಲಿ ಕಾರೇ ಆಗಿದ್ದರೂ ಒಡೆಯರು ಅಂಗವಿಕಲರು ಅಂತ ದಾಖಲೆಯಲ್ಲಿ ಬರಬಹುದು. ಹವಾಲ್ದಾರ್ ಸಾಹೇಬರ ಆರ್‌ಸಿಯಲ್ಲಿ ಏನಿದೆ ನೋಡಿ ಹೇಳಿ. ಮಾಮೂಲಿ ವ್ಯಕ್ತಿ ಅಂತ ಇರುತ್ತದೆ ಅಂತ ನನ್ನ ಊಹೆ. ಶೋರೂಂನವರು ಕೇಳುವುದಿಲ್ಲ, ನಾವು ಹೇಳುವುದಿಲ್ಲ.

ಅದನ್ನು ಸರಿ ಮಾಡಿಸಲು ನಾನು ದುಡ್ಡು ತಗೊಳ್ಳುವುದಿಲ್ಲ. ಎರಡೂ ಜಿಲ್ಲೆಯ ಯಾರೇ ಬರಲಿ.

ಮೂಡಿಗೆರೆ ತೋಟ · ನವೆಂಬರ್ 11, ಸಂಜೆ 7.20

ನೀವೆಲ್ಲ ಕಾರಿನ ಬಗ್ಗೆ ಮಾತಾಡುತ್ತಿದ್ದೀರಿ. ನಮ್ಮ ಕಡೆ ನೋಡಿ. ನಮ್ಮ ತೋಟದ ಪಕ್ಕದ ಊರಿನಲ್ಲಿ ಒಬ್ಬರು ಮಾಜಿ ಸೈನಿಕರಿದ್ದಾರೆ. ಬೆನ್ನಿಗೆ ಏಟಾಗಿ ಕಾಲಿಗೆ ಬಲ ಇಲ್ಲ. ಅವರ ಹತ್ತಿರ ಇರುವುದು ಸ್ಕೂಟರ್. ಹಿಂದೆ ಎರಡು ಸಣ್ಣ ಚಕ್ರ ಸೇರಿಸಿದ್ದಾರೆ. ಆಷಾಢದ ಮಳೆಯಲ್ಲಿ, ಜಿಗಣೆ ಕಾಟದಲ್ಲಿ, ಕೆಸರಿನಲ್ಲಿ ಆ ಸ್ಕೂಟರ್ ಎಳೆದುಕೊಂಡು ಡಾಂಬರು ರಸ್ತೆಗೆ ಬರುತ್ತಾರೆ. ಪೇಟೆಗೆ ಬಂದರೆ ಸ್ಕೂಟರ್ ನಿಲ್ಲಿಸುವ ಸಾಲಿನಲ್ಲಿ ಅದು ಹಿಡಿಯುವುದಿಲ್ಲ. ಅಗಲ ಜಾಸ್ತಿ. ಕಾರಿನ ಸಾಲಿನಲ್ಲಿ ನಿಲ್ಲಿಸಿದರೆ ಯಾರೋ ಪಕ್ಕಕ್ಕೆ ಎಳೆದು ಹೋಗುತ್ತಾರೆ. ವಾಪಸ್ ಬಂದು ನೋಡಿದರೆ ಸ್ಕೂಟರ್ ಚರಂಡಿಯ ಅಂಚಿನಲ್ಲಿ. ಒಂದು ಸಲ ಅದನ್ನು ನಾನೇ ಎತ್ತಿಕೊಟ್ಟೆ. ಅವರು ಏನೂ ಹೇಳಲಿಲ್ಲ. ಹೆಲ್ಮೆಟ್ ಹಾಕಿಕೊಂಡು ಹೊರಟರು.

ಮನವಿಯಲ್ಲಿ ಸ್ಕೂಟರ್ ಸೇರಿಸಿ. ನಮ್ಮ ಹಳ್ಳಿಗಳಲ್ಲಿ ಕಾರಿರುವವರು ಎಷ್ಟು ಜನ?

ಹೇಮಾವತಿ ದಡ · ನವೆಂಬರ್ 11, ರಾತ್ರಿ 8.00

ಖಂಡಿತ ಸೇರಿಸುತ್ತೇನೆ. ಇದನ್ನು ಬಿಟ್ಟಿದ್ದರೆ ತಪ್ಪಾಗುತ್ತಿತ್ತು.

ಸಕಲೇಶಪುರ ಮಳೆ · ನವೆಂಬರ್ 11, ರಾತ್ರಿ 8.25

ಒಂದು ಅನುಮಾನ. ಯೋಧರು ತೀರಿಕೊಂಡ ಮೇಲೆ ಆ ನಂಬರ್ ಏನಾಗಬೇಕು? ಮತ್ತೆ, ಕೆಲವರಿಗೆ ಗಾಡಿಯ ಮೇಲೆ ಗುರುತೇ ಬೇಡ ಅನ್ನಿಸಬಹುದು. ಮನೆಯ ಮುಂದೆ ನಿಂತ ಗಾಡಿ ನೋಡಿ ಯಾರು ಅಂತ ಎಲ್ಲರಿಗೂ ಗೊತ್ತಾಗುವುದು ಎಲ್ಲರಿಗೂ ಇಷ್ಟ ಆಗಲಿಕ್ಕಿಲ್ಲ.

ನಿವೃತ್ತ ಸಿಗ್ನಲ್ಸ್ · ನವೆಂಬರ್ 12, ಬೆಳಿಗ್ಗೆ 6.00

ಬೇಕಾದವರು ಕೇಳಿ ಪಡೆಯಲಿ. ಕಡ್ಡಾಯ ಬೇಡ. ನಾನೇ ತಗೊಳ್ಳುತ್ತೇನೋ ಇಲ್ಲವೋ ಗೊತ್ತಿಲ್ಲ. ತೀರಿಕೊಂಡ ಮೇಲೆ ಹೆಂಡತಿ ಆ ಗಾಡಿ ಇಟ್ಟುಕೊಂಡರೆ ನಂಬರ್ ಹಾಗೇ ಇರಲಿ. ಇಪ್ಪತ್ತು, ಮೂವತ್ತು ವರ್ಷ ಆ ಕಾಲಿನ ಆರೈಕೆ ಮಾಡಿದವರು ಅವರೇ. ಗಾಲಿಕುರ್ಚಿ ಗುರುತನ್ನು ಮಾತ್ರ ವಾಪಸ್ ಕೊಡಬೇಕು. ಗಾಡಿ ಮಾರಿದರೆ ಎರಡೂ ಹೋಗಬೇಕು.

ಅರಸೀಕೆರೆ ಜಂಕ್ಷನ್ · ನವೆಂಬರ್ 12, ಬೆಳಿಗ್ಗೆ 9.15

ಐಜಿ ರಸ್ತೆಯ ಅಕ್ಕಾ, ಮೊನ್ನೆ ನಾನು ಹೇಳಿದ್ದು ನಿಮಗೆ ನೋವಾಗಿದ್ದರೆ ಕ್ಷಮಿಸಿ. ಸಿಗ್ನಲ್ಸ್ ಸಾರ್ ಬರೆದದ್ದನ್ನು ಓದಿದ ಮೇಲೆ ನಾನು ಯೋಚಿಸಿದ ರೀತಿ ತಪ್ಪು ಅನ್ನಿಸಿತು. ಆ ಜಾಗ ನನಗೆ ಬೇಡ ಅಂತ ಸೈನಿಕರೇ ಹೇಳುತ್ತಿದ್ದಾರೆ.

ಐಜಿ ರಸ್ತೆಯ ಗೆಳತಿ · ನವೆಂಬರ್ 12, ಬೆಳಿಗ್ಗೆ 9.40

ನೋವೇನೂ ಇಲ್ಲ ತಮ್ಮಾ. ನೀವು ಸಹಿ ಹಾಕಿಸುವ ಕೆಲಸ ವಹಿಸಿಕೊಳ್ಳಿ. ಓಡಾಡುವ ಕೆಲಸ ನನ್ನಿಂದ ಆಗುವುದಿಲ್ಲ.

ಹೇಮಾವತಿ ದಡ · ನವೆಂಬರ್ 14, ರಾತ್ರಿ 10.05

ಕರಡು ತಯಾರಾಗಿದೆ. ಓದಿ ತಿದ್ದಿ.

"ಮಾನ್ಯರೇ, ದೇಶಕ್ಕಾಗಿ ಅಂಗಾಂಗ ಅರ್ಪಿಸಿದ ವೀರಯೋಧರ ವಾಹನಗಳಿಗೆ ಸಾರಿಗೆ ನಿಗಮದ ಎಫ್, ಸರ್ಕಾರಿ ವಾಹನಗಳ ಜಿ ಮಾದರಿಯಲ್ಲಿ ಒಂದು ಅಕ್ಷರ ಸರಣಿಯನ್ನು ಮೀಸಲಿಡಬೇಕು. ಕಾರು, ಸ್ಕೂಟರ್, ಚಕ್ರ ಸೇರಿಸಿದ ಸ್ಕೂಟರ್ ಎಲ್ಲಕ್ಕೂ ಇದು ಅನ್ವಯವಾಗಬೇಕು. ಇಷ್ಟವಿದ್ದವರು ಮಾತ್ರ ಪಡೆಯುವಂತಿರಬೇಕು. ಸೇನೆಯ ವೈದ್ಯಕೀಯ ಮಂಡಳಿ ಮತ್ತು ಪಿಪಿಒ ದಾಖಲೆ ಸಾಕು ಎಂದಾಗಬೇಕು. ಯೋಧರು ತೀರಿಕೊಂಡರೆ ಪತ್ನಿಯ ಹೆಸರಿನಲ್ಲಿ ಮುಂದುವರಿಯಬೇಕು. ನಡೆಯಲು ಕಷ್ಟವಿರುವ ಎಲ್ಲ ನಾಗರಿಕರಿಗೂ, ಸೈನಿಕರಾಗಿರಲಿ ಅಲ್ಲದಿರಲಿ, ಗಾಜಿನ ಮೇಲೆ ಅಂಟಿಸುವ ಗಾಲಿಕುರ್ಚಿ ಗುರುತನ್ನು ಕೊಡಬೇಕು. ಹಾಸನ ಮತ್ತು ಚಿಕ್ಕಮಗಳೂರು ನಗರಗಳ ಆಸ್ಪತ್ರೆ, ಬ್ಯಾಂಕ್, ಬಸ್ ನಿಲ್ದಾಣ, ಸರ್ಕಾರಿ ಕಚೇರಿಗಳ ಬಾಗಿಲಿನಿಂದ 30 ಮೀಟರ್ ಒಳಗೆ, 3.6 ಮೀಟರ್ ಅಗಲದ ಜಾಗಗಳನ್ನು ಈ ಗುರುತು ಇರುವ ವಾಹನಗಳಿಗಾಗಿ ಗುರುತಿಸಬೇಕು."

ಕೊನೆಯ ಎರಡು ವಾಕ್ಯ ಐಜಿ ರಸ್ತೆಯ ಗೆಳತಿ ಅವರದ್ದು. ಅದಕ್ಕೆ ಬೆಂಗಳೂರಿನ ಕಡೆ ನೋಡಬೇಕಾಗಿಲ್ಲ. ನಮ್ಮ ನಗರಾಡಳಿತದವರು ಮನಸ್ಸು ಮಾಡಿದರೆ ಬಣ್ಣದ ಡಬ್ಬಿ, ಬ್ರಷ್ ಸಾಕು.

ಮಾವನ ಆರ್‌ಸಿ ನೋಡಿದೆ. ಮೇಷ್ಟ್ರು ಹೇಳಿದ ಹಾಗೇ ಇದೆ. ಸೋಮವಾರ ಅವರನ್ನು ಕರೆದುಕೊಂಡು ಬರುತ್ತೇನೆ.

ನಿವೃತ್ತ ಸಿಗ್ನಲ್ಸ್ · ನವೆಂಬರ್ 15, ಬೆಳಿಗ್ಗೆ 6.20

ಚೆನ್ನಾಗಿದೆ. ಮೊದಲ ಸಾಲು ಮಾತ್ರ ನಿಮ್ಮ ಮಾವನಿಗೆ ಓದಿ ಹೇಳಿ, ಒಪ್ಪಿಗೆಯಾ ಕೇಳಿ.

ಹೇಮಾವತಿ ದಡ · ನವೆಂಬರ್ 15, ಸಂಜೆ 5.30

ಓದಿ ಹೇಳಿದೆ ಸಾರ್. ಎರಡು ಸಲ ಓದಿಸಿದರು. ಆಮೇಲೆ ಹೇಳಿದರು: "ನಾನು ಕಾಲು ಅರ್ಪಿಸಲಿಲ್ಲಪ್ಪ. ಕೆಲಸ ಮಾಡ್ತಿದ್ದೆ, ಹೋಯ್ತು. ಹಾಗೇ ಬರಿ." ತಿದ್ದಿದ್ದೇನೆ. ಈಗ "ಸೇನೆಯಲ್ಲಿ ಕರ್ತವ್ಯ ಮಾಡುವಾಗ ಗಾಯಗೊಂಡ ಯೋಧರ ವಾಹನಗಳಿಗೆ" ಅಂತ ಶುರುವಾಗುತ್ತದೆ.

ಮನವಿ ಕೊಡುವ ದಿನ ಅವರೂ ಬರುತ್ತಾರಂತೆ. ಅವರಾಗಿಯೇ ಹೇಳಿದರು.

ಅರಸೀಕೆರೆ ಜಂಕ್ಷನ್ · ನವೆಂಬರ್ 23, ರಾತ್ರಿ 9.00

ಅರಸೀಕೆರೆ, ಬಾಣಾವರ ಎರಡೂ ಕಡೆ ಸಹಿ ಹಾಕಿಸಿದ್ದೇನೆ. ಸಂತೆಯ ದಿನ ಒಂದು ಮೇಜು ಹಾಕಿಕೊಂಡು ಕೂತಿದ್ದೆ. ಮಾಜಿ ಸೈನಿಕರಿಗಿಂತ ಅವರ ಹೆಂಡತಿಯರು ಜಾಸ್ತಿ ಬಂದರು. ಒಬ್ಬ ಅಜ್ಜಿ ಹೆಬ್ಬೆಟ್ಟು ಒತ್ತಿ, ನಮ್ಮ ಯಜಮಾನರು ಇಲ್ಲ, ಆದರೂ ಹಾಕ್ತೀನಿ ಅಂದರು.

ಐಜಿ ರಸ್ತೆಯ ಗೆಳತಿ · ನವೆಂಬರ್ 24, ಬೆಳಿಗ್ಗೆ 8.10

ಚಿಕ್ಕಮಗಳೂರಿನ ಪ್ರತಿಯನ್ನು ನಾನು ಕೊಡುತ್ತೇನೆ. ಹಾಸನಕ್ಕೂ ಬರುವ ಆಸೆ ಇದೆ, ಹವಾಲ್ದಾರ್ ಸಾಹೇಬರನ್ನು ನೋಡಬೇಕು. ಬೇಲೂರು ದಾರಿಯಲ್ಲಿ ನಾನೇ ಓಡಿಸಿಕೊಂಡು ಬರುತ್ತೇನೆ. ಒಂದೇ ಚಿಂತೆ, ಅಲ್ಲಿ ಗಾಡಿ ಎಲ್ಲಿ ನಿಲ್ಲಿಸುವುದು ಅಂತ.

ಹೇಮಾವತಿ ದಡ · ನವೆಂಬರ್ 24, ಬೆಳಿಗ್ಗೆ 8.35

ಮಾವನಿಗೆ ಇದನ್ನು ತೋರಿಸಿದೆ. ಅವರು ಒಂಬತ್ತು ಗಂಟೆಗೇ ಹೋಗಿ ತಮ್ಮ ಕಾರನ್ನು ಅಡ್ಡ ನಿಲ್ಲಿಸಿ ಜಾಗ ಹಿಡಿದಿರುತ್ತಾರಂತೆ. 3.6 ಮೀಟರ್ ಅಳೆಯಲು ಈಗಲೇ ಟೇಪು ಹುಡುಕುತ್ತಿದ್ದಾರೆ.